ಎರಡು ಬೆರಳು, ಒಂದು ಮುಷ್ಟಿ

ಗೋಕುಲ ರೋಡಿನ ಒಂದು ಕಾರ್ ಶೋರೂಮು. ಭಾನುವಾರ ಮಧ್ಯಾಹ್ನ. ಒಳಗೆ ಎಸಿ ತಣ್ಣಗಿದೆ, ನೆಲ ಮುಖ ಕಾಣುವಷ್ಟು ಹೊಳೆಯುತ್ತಿದೆ. ಟೈ ಕಟ್ಟಿದ ಹುಡುಗ ಒಂದು ಗಾಡಿಯ ಸನ್‌ರೂಫ್ ತೆಗೆದು, ಮುಚ್ಚಿ, ಮತ್ತೆ ತೆಗೆದು ತೋರಿಸುತ್ತಿದ್ದಾನೆ. ನಮ್ಮ ಕಾಕಾ ಆ ಕಡೆ ನೋಡುತ್ತಲೇ ಇಲ್ಲ. ಧೋತರ ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು, ಮುಂದಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಇರುವ ಸಂದಿಯೊಳಗೆ ಬಲಗೈ ಮುಷ್ಟಿ ಕಟ್ಟಿ ತೂರಿಸುತ್ತಿದ್ದಾರೆ. ಮುಷ್ಟಿ ಅರ್ಧ ಹೋಗಿ ನಿಂತಿತು.

"ಏನಾತ್ರಿ ಸರ್?" ಅಂದ ಹುಡುಗ.

"ಏನಿಲ್ಲ ತಮ್ಮಾ, ನೀ ಹೇಳಕೋತ ಇರು," ಅಂದು ಕಾಕಾ ಎದ್ದರು. ಕೈ ಝಾಡಿಸಿಕೊಂಡು ಪಕ್ಕದ ಗಾಡಿಗೆ ಹೋದರು. ಅಲ್ಲೂ ಕೂತರು. ಅಲ್ಲೂ ಮುಷ್ಟಿ.

ನನಗೆ ನಾಚಿಕೆಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಕಾರಿನ ವಿಷಯ ಬಂದರೆ ಎಲ್ಲರೂ ನನ್ನನ್ನೇ ಕೇಳುವುದು. ಹುಬ್ಬಳ್ಳಿಯಲ್ಲಿ ನೌಕರಿ, ಓದುವುದು-ನೋಡುವುದು ಎಲ್ಲ ಗಾಡಿಗಳದ್ದೇ. ಕಾಕಾನ ಹಳೇ ಮಾರುತಿ ಒಮ್ನಿಯ ಜಾಗಕ್ಕೆ ಹೊಸದು ತರೋಣ ಅಂತಾದಾಗ ಯಾವುದು ಛಲೋ ಅಂತ ಹೇಳಲು ನಾನೇ ಜೊತೆಗೆ ಹೋಗಿದ್ದೆ. ತಲೆಯಲ್ಲಿ ಲಿಸ್ಟ್ ರೆಡಿ ಇತ್ತು. ಆದರೆ ಆ ದಿನ ನಾನು ಹೇಳಿದ್ದಕ್ಕಿಂತ ಆ ಮುಷ್ಟಿ ಹೇಳಿದ್ದೇ ಜಾಸ್ತಿ. ಅದಾಗಿ ಎಷ್ಟೋ ತಿಂಗಳು ಕಳೆದಿವೆ. ಈಗಲೂ ಎಲ್ಲಾದರೂ ಗಾಡಿ ನಿಂತಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಆ ಸಂದಿಗೇ.

ಬೆರಳಿನ ಲೆಕ್ಕ

ತಮಾಷೆ ಏನೆಂದರೆ, ಆ ಸಂದಿಯನ್ನು ಕೈಯಿಂದ ಅಳೆಯುವ ಚಟ ನಮಗೂ ಇದೆ. ನಾವು ಗೆಳೆಯರು ಐದಾರು ಜನ ಭಾನುವಾರ ಬೆಳಗ್ಗೆ ಉಣಕಲ್ ಕೆರೆ ಹತ್ತಿರ ಚಹಾಕ್ಕೆ ಸೇರುತ್ತೇವೆ. ಎಲ್ಲರೂ ಕಾರ್ ಹುಚ್ಚರು. ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಕಪ್ಪು ಹಿಡಿದು ಸುತ್ತ ತಿರುಗುತ್ತ ಬಯ್ಯುವುದೇ ನಮ್ಮ ಕೆಲಸ. ಇದರ ಮೂತಿ ನೋಡು, ಗ್ರಿಲ್ ಅಲ್ಲ ಅದು ಕೆರೆ ತೂಬು. ಇದರ ಹಿಂದಿನ ದೀಪ ನೋಡು, ಈ ತುದಿಯಿಂದ ಆ ತುದಿಗೆ ಒಂದೇ ಪಟ್ಟಿ, ಎಲ್ಲ ಕಂಪನಿಯವರದ್ದೂ ಹೀಗೇ ಆಗಿದೆ, ರಾತ್ರಿ ಹಿಂದಿನಿಂದ ನೋಡಿದರೆ ಯಾವುದು ಯಾವುದೋ ತಿಳಿಯಲ್ಲ. ಹೀಗೆ.

ಅದರಲ್ಲಿ ಎಲ್ಲರೂ ಒಪ್ಪುವ ಒಂದೇ ಮಾತೆಂದರೆ ಗಾಲಿಯ ಸಂದಿ ಕಡಿಮೆ ಇರಬೇಕು. ಟೈರಿನ ಮೇಲೆ ಎರಡು ಬೆರಳು ಹಿಡಿಸುವಷ್ಟಿದ್ದರೆ ಗಾಡಿ ನೆಲಕ್ಕೆ ಅಂಟಿ ಕೂತ ಹಾಗೆ ಕಾಣುತ್ತದೆ, ಓಡಲು ತಯಾರಾದ ಹಾಗೆ. ನಾಲ್ಕು ಬೆರಳಾದರೆ ಗಿಡ್ಡ ಪಾಯಜಾಮ ಹಾಕಿಕೊಂಡವನ ಹಾಗೆ. ಕಂಪನಿಯವರು ಮೊದಲು ಬರೆಯುವ ಚಿತ್ರಗಳಲ್ಲೂ ಮೋಟಾರ್ ಶೋಗೆ ತರುವ ಗಾಡಿಗಳಲ್ಲೂ ಗಾಲಿಗಳು ದೊಡ್ಡವು, ಸಂದಿ ಕೂದಲೆಳೆಯಷ್ಟು. ಅದೇ ಗಾಡಿ ರಸ್ತೆಗೆ ಬರುವಾಗ ಗಾಲಿ ಸಣ್ಣದಾಗಿ ಸಂದಿ ಬಾಯಿ ಬಿಟ್ಟಿರುತ್ತದೆ. ಹೊರದೇಶದ ಗಾಡಿ ನಮ್ಮಲ್ಲಿಗೆ ಬರುವಾಗ ಇನ್ನಷ್ಟು ಎತ್ತರಿಸಿ ಕಳಿಸುತ್ತಾರೆ. ನಮ್ಮ ಚಹಾ ಗುಂಪಿಗೆ ಅದೊಂದು ದೊಡ್ಡ ದುಃಖ.

ನನ್ನ ಹಿಂದಿನ ಹ್ಯಾಚ್‌ಬ್ಯಾಕಿನಲ್ಲಿ ಆ ದುಃಖಕ್ಕೆ ನಾನೇ ಪರಿಹಾರ ಮಾಡಿಕೊಂಡಿದ್ದೆ. ಅದಕ್ಕೆ ಬಂದ ಟೈರು 185/65 ಆರ್15. ಅಂದರೆ 185 ಮಿ.ಮೀ. ಅಗಲ, ಆ ಅಗಲದ ಶೇ. 65ರಷ್ಟು ಟೈರಿನ ಗೋಡೆಯ ಎತ್ತರ, 15 ಇಂಚಿನ ಡಿಸ್ಕ್, ಅಂದರೆ ಟೈರು ಕೂರುವ ಲೋಹದ ಚಕ್ರ. ಅದನ್ನು ತೆಗೆಸಿ 205/55 ಆರ್16 ಹಾಕಿಸಿದೆ. 20 ಮಿ.ಮೀ. ಅಗಲ ಜಾಸ್ತಿ, ಡಿಸ್ಕ್ ಒಂದಿಂಚು ದೊಡ್ಡದು, ರಬ್ಬರಿನ ಗೋಡೆ 120ರಿಂದ 113 ಮಿ.ಮೀ.ಗೆ ಇಳಿಯಿತು. ಸಾಲದು ಅಂತ ಗಾಡಿಯನ್ನು 30 ಮಿ.ಮೀ. ಕೆಳಗಿಳಿಸುವ ಸ್ಪ್ರಿಂಗ್ ಬೇರೆ. ಸಂದಿ ಸರಿಯಾಗಿ ಎರಡು ಬೆರಳಿಗೆ ಬಂತು. ಪಾರ್ಕ್ ಮಾಡಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುವುದು, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗುವುದು. ಹೊಸದಾಗಿ ಮದುವೆಯಾದವರೂ ಅಷ್ಟು ತಿರುಗಿ ನೋಡಲ್ಲ.

ಕಷ್ಟ ಇರಲಿಲ್ಲವೇ ಅಂದರೆ ಇತ್ತು. ಸ್ಪೀಡ್ ಬ್ರೇಕರ್ ಎಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ, ರಸ್ತೆಗಳ ಲೆಕ್ಕ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಅಳತೆ. ನಮ್ಮ ಕಡೆ ಊರ ಬಾಯಲ್ಲಿ ಹಾಕುವುದು ಸ್ಪೀಡ್ ಬ್ರೇಕರ್ ಅಲ್ಲ, ಕೂತು ಎಲೆ-ಅಡಿಕೆ ಹಾಕಿಕೊಳ್ಳುವ ಕಟ್ಟೆ. ನಾನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಿದ್ದೆ. ಹಿಂದಿನ ಟಂಟಂನವರು ಹಾರ್ನ್ ಹೊಡೆಯುತ್ತಿದ್ದರು. ಆದರೂ ಎಂಜಿನ್ ಕೆಳಗಿನ ಎಣ್ಣೆ ಚೇಂಬರಿಗೆ ಎರಡು ಸಲ ಪೆಟ್ಟು ಬಿತ್ತು. ಗ್ಯಾರೇಜಿನ ಮಿಸ್ತ್ರಿ ಕೆಳಗಿನಿಂದ ಎಣ್ಣೆ ಒರೆಸುತ್ತ, "ಸರ್ರ, ಗಾಡಿ ನಿಂತಾಗ ಮಸ್ತ್ ಕಾಣತೈತ್ರಿ. ಓಡಸಬ್ಯಾಡ್ರಿ," ಅಂದಿದ್ದ.

ಅಷ್ಟಕ್ಕೆಲ್ಲ ನಾನು ಬಗ್ಗಲಿಲ್ಲ. ಬಗ್ಗಿಸಿದ್ದು ಎರಿ, ನಮ್ಮ ಕಡೆಯ ಕಪ್ಪು ಮಣ್ಣು.

ಎರಿ

ನಮ್ಮ ಮೂಲ ಊರು ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ. ಸುತ್ತ ಕಣ್ಣು ಹರಿದಷ್ಟೂ ಎರಿ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುವ ನೆಲ, ಒಂದು ಮಳೆ ಬಿದ್ದರೆ ಉಬ್ಬಿ ಆ ಬಿರುಕನ್ನೆಲ್ಲ ನುಂಗಿಬಿಡುತ್ತದೆ. ಇದರ ಜಿಗುಟಿನ ಬಗ್ಗೆ ಈ ಭಾಗದವರಿಗೆ ಹೇಳಬೇಕಿಲ್ಲ. ಧಾರವಾಡ ಜಿಲ್ಲೆಯ ಪಶ್ಚಿಮದ, ಕಲಘಟಗಿ ಕಡೆಯ ಕೆಂಪು ಮಣ್ಣಿನವರಿಗೆ ಮಾತ್ರ ಹೇಳುತ್ತೇನೆ: ನಿಮ್ಮ ಕೆಸರು ಜಾರುತ್ತದೆ, ನಮ್ಮದು ಬಿಡುವುದಿಲ್ಲ. ಹತ್ತು ಹೆಜ್ಜೆ ನಡೆದರೆ ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿ ಬೆಳೆದಿರುತ್ತದೆ.

ಆಗಸ್ಟ್ ಕೊನೆ. ಹೆಸರಿನ ಕಾಯಿ ಬಿಡಿಸುವ ಹೊತ್ತು. ಕಾಕಾ ಹೊಲದಲ್ಲಿದ್ದರು, ಕೂಲಿಯವರಿಗೆ ಊಟ ಒಯ್ಯಬೇಕಿತ್ತು, ಒಮ್ನಿ ಆ ದಿನ ಕೆಟ್ಟು ನಿಂತಿತ್ತು. ಹಬ್ಬಕ್ಕೆ ಅಂತ ಊರಿಗೆ ಬಂದಿದ್ದ ನಾನು ನನ್ನ ಗಾಡಿಯಲ್ಲಿ ರೊಟ್ಟಿ ಬುಟ್ಟಿ, ಝುಣಕ, ಮಜ್ಜಿಗೆ ಕೊಡ ಇಟ್ಟುಕೊಂಡು ಹೊರಟೆ. ಡಾಂಬರು ಮುಗಿದು ಹೊಲದ ದಾರಿ ಸುಮಾರು ಒಂದು ಕಿಲೋಮೀಟರ್. ಹಿಂದಿನ ರಾತ್ರಿ ಸಣ್ಣ ಮಳೆಯಾಗಿತ್ತು. ಜೋರು ಮಳೆಯಾಗಿದ್ದರೆ ಹೋಗುತ್ತಲೇ ಇರಲಿಲ್ಲ. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು, ಹೋಗಬಹುದು ಅನಿಸಿತು.

ಮೊದಲ ನೂರು ಗಜ ಏನೂ ಗೊತ್ತಾಗಲಿಲ್ಲ. ಆಮೇಲೆ ಸ್ಟೇರಿಂಗ್ ಬಿಗಿಯಾಯಿತು. ಗೇರ್ ಇಳಿಸಿದೆ. ಎಲ್ಲೋ ಗರಗರ ಅಂತ ಸದ್ದು, ಯಾರೋ ಒಳಗಿನಿಂದ ತಗಡು ತಿಕ್ಕಿದ ಹಾಗೆ. ಇನ್ನೊಂದು ಇಪ್ಪತ್ತು ಗಜಕ್ಕೆ ಎಂಜಿನ್ ಒದರುತ್ತಿದೆ, ಗಾಡಿ ಹೋಗುತ್ತಿಲ್ಲ. ಗಾಲಿ ಕೆಸರಲ್ಲಿ ಹೂತು ತಿರುಗುತ್ತಿರಬೇಕು ಅಂದುಕೊಂಡು ಇಳಿದು ನೋಡಿದೆ. ಹೂತಿರಲಿಲ್ಲ. ನೆಲ ಗಟ್ಟಿಯಾಗೇ ಇತ್ತು. ಗಾಲಿ ತಿರುಗಲು ಜಾಗವೇ ಇರಲಿಲ್ಲ, ಅಷ್ಟೇ. ನನ್ನ ಪ್ರೀತಿಯ ಆ ಎರಡು ಬೆರಳಿನ ಸಂದಿ ಪೂರ್ತಿ ತುಂಬಿಹೋಗಿತ್ತು. ಮಣ್ಣಿನ ಜೊತೆ ದಾರಿಯಲ್ಲಿ ಬಿದ್ದ ಹೆಸರಿನ ಬಳ್ಳಿ, ಕಣಕಿಯ ಚೂರು ಎಲ್ಲ ಸೇರಿ, ಹಿಂದೆ ಗೋಡೆ ಕಟ್ಟಲು ಮಣ್ಣಿಗೆ ಹೊಟ್ಟು ಹಾಕಿ ತುಳಿಯುತ್ತಿದ್ದರಲ್ಲ, ಹಾಗೆ ಹದವಾಗಿ ಕಲಸಿಕೊಂಡು ಗಟ್ಟಿಯಾಗಿತ್ತು. ಒಳಗಿನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಕಿತ್ತು ಟೈರಿಗೆ ಸಿಕ್ಕಿಕೊಂಡಿತ್ತು. ಅಗಲ ಟೈರು ಬೇರೆ, ಮಣ್ಣನ್ನು ಚೆನ್ನಾಗಿಯೇ ಎತ್ತಿ ತುಂಬಿತ್ತು.

ಕಾಕಾ ಹೊಲದಿಂದ ನಡೆದು ಬಂದರು. ಕೈಯಲ್ಲಿ ಕುಡಗೋಲು. ಬಯ್ಯಲಿಲ್ಲ. ಮೊದಲು ಬುಟ್ಟಿ, ಕೊಡ ಇಳಿಸಿ ಒಬ್ಬ ಹುಡುಗನ ಕೈಲಿ ಕಳಿಸಿದರು. ಆಮೇಲೆ ಕೂತು ಕುಡಗೋಲಿನ ತುದಿಯಿಂದ ಸಂದಿ ಕೆದರತೊಡಗಿದರು. ತುದಿ ಹೋಗುತ್ತಿತ್ತು, ಕೈ ಹೋಗುತ್ತಿರಲಿಲ್ಲ. ಕೆದರಿದ ಮಣ್ಣು ಅಲ್ಲೇ ಉಳಿಯುತ್ತಿತ್ತು. ಕೊನೆಗೆ ಜಾಕ್ ಕೊಟ್ಟು ನಾಲ್ಕೂ ಗಾಲಿ ಒಂದೊಂದಾಗಿ ಬಿಚ್ಚಿದೆವು. ಒಂದೊಂದರಿಂದಲೂ ಒಂದೊಂದು ಬುಟ್ಟಿ ಮಣ್ಣು. ಎರಡು ತಾಸು ಹಿಡಿಯಿತು.

"ತಮ್ಮಾ, ಚಕ್ಕಡಿಗೆ ಮಡ್‌ಗಾರ್ಡ್ ಇದ್ದದ್ದು ನೋಡಿಯೇನು ಎಂದಾರ?" ಅಂದರು ಕಾಕಾ, ನಟ್ ಬಿಗಿಯುತ್ತ.

ಇಲ್ಲ ಅಂದೆ.

"ಮಳಿಗಾಲದಾಗ ನಾ ಸೈಕಲ್ಲಿನ ಮಡ್‌ಗಾರ್ಡ್ ಬಿಚ್ಚಿ ಇಡತಿದ್ದೆ, ನೆನಪೈತೇನು? ಮಣ್ಣು ಬರೋದು ಬರತೈತಿ. ಅದಕ ಹೋಗಾಕ ಜಾಗಾ ಇರಬೇಕು. ಇಲ್ಲಂದ್ರ ಕೈಯಾರ ಹಾಕಿ ತಗ್ಯಾಕ ಬರಬೇಕು. ಇದರಾಗ ನನ್ನ ಕೈನೂ ಹೋಗವಲ್ದು."

ಸೈಕಲ್ ನೆನಪಿತ್ತು. ಅಟ್ಟದ ಮೇಲೆ ಹಳೇ ಪೇಪರಿನಲ್ಲಿ ಸುತ್ತಿಟ್ಟ ಎರಡು ಕಪ್ಪು ಮಡ್‌ಗಾರ್ಡ್. ದಸರೆ ಆದ ಮೇಲೆ ಮತ್ತೆ ಹಾಕುತ್ತಿದ್ದರು. ಯಾಕೆ ಅಂತ ಆಗ ಕೇಳಿರಲಿಲ್ಲ.

ಗೋಕುಲ ರೋಡಿನಲ್ಲಿ ಅವರು ಮುಷ್ಟಿ ತೂರಿಸುವಾಗ ನಾಚಿಕೆಯ ಹಿಂದೆಯೇ ನನಗೆ ಈ ಕುಡಗೋಲು ನೆನಪಾಗಿದ್ದು. ಅವರು ಅಳೆಯುತ್ತಿದ್ದದ್ದು ಅಂದವನ್ನಲ್ಲ. ಕೆಟ್ಟ ದಿನ ಬಂದಾಗ ಅಲ್ಲಿ ತಮ್ಮ ಕೈ ಹೋಗುತ್ತದೋ ಇಲ್ಲವೋ ಅನ್ನುವುದನ್ನು.

ಪುಸ್ತಕದ ಪ್ರಕಾರ ಆ ಸಂದಿಗೆ ಬೇರೆ ಕಾರಣಗಳೂ ಇವೆ. ಗುಂಡಿಗೆ ಬಿದ್ದಾಗ ಗಾಲಿ ಮೇಲಕ್ಕೆ ಏರಬೇಕು. ಮುಂದಿನ ಗಾಲಿ ಪೂರ್ತಿ ತಿರುಗಿದಾಗಲೂ ಎಲ್ಲೂ ತಾಗಬಾರದು. ಹಿಮ ಬೀಳುವ ದೇಶಗಳಲ್ಲಿ ಟೈರಿಗೆ ಸರಪಳಿ ಸುತ್ತುತ್ತಾರೆ, ಅದಕ್ಕೂ ಜಾಗ ಬೇಕು. ಸರಪಳಿಯ ಲೆಕ್ಕ ಪುಸ್ತಕದಲ್ಲಿದೆ. ಎರಿ ಮಣ್ಣಿನ ಲೆಕ್ಕ ನಾನು ಎಲ್ಲೂ ಓದಿಲ್ಲ.

ವೇಷ

ಈಗಿನ ಗಾಡಿಗಳನ್ನು ನೋಡಿದರೆ ಎಲ್ಲವೂ ಹೊಲಕ್ಕೇ ಹೊರಟ ಹಾಗೆ ಕಾಣುತ್ತವೆ, ಗಮನಿಸಿದ್ದೀರಾ? ಗಾಲಿಯ ಸುತ್ತ ಕಪ್ಪು ಪ್ಲಾಸ್ಟಿಕ್ ಪಟ್ಟಿ. ಬಂಪರಿನ ಕೆಳಗೆ ಬೆಳ್ಳಿ ಬಣ್ಣದ ತಟ್ಟೆ. ಮೇಲೆ ಎರಡು ಕಂಬಿ. ಬಾನೆಟ್ ಎತ್ತರ, ಎದೆ ಉಬ್ಬಿಸಿದ ಪೈಲ್ವಾನನ ಹಾಗೆ. ಇವೆಲ್ಲ ಒಂದು ಕಾಲಕ್ಕೆ ಕೆಲಸದ ವಸ್ತುಗಳೇ. ಕಪ್ಪು ಪಟ್ಟಿ ಇದ್ದರೆ ಸಿಡಿಯುವ ಕಲ್ಲಿಗೆ ಬಣ್ಣ ಹೋಗಲ್ಲ, ಮುರಿದರೆ ಅಷ್ಟೇ ಬದಲಿಸಬಹುದು. ಕೆಳಗಿನ ತಟ್ಟೆ ನಿಜವಾದ ಕಬ್ಬಿಣದ್ದಾದರೆ ಬಂಡೆ ತಾಗಿದಾಗ ಚೇಂಬರ್ ಉಳಿಯುತ್ತದೆ. ಮೇಲಿನ ಕಂಬಿಗೆ ಹಗ್ಗ ಕಟ್ಟಬಹುದು.

ಆದರೆ ಈಗ ಆ ಬೆಳ್ಳಿ ತಟ್ಟೆ ಬಹಳ ಸಲ ಬಣ್ಣ ಹಚ್ಚಿದ ಪ್ಲಾಸ್ಟಿಕ್. ಬೆರಳಿಂದ ತಟ್ಟಿದರೆ ಡಬಡಬ ಅನ್ನುತ್ತದೆ. ಕಪ್ಪು ಪಟ್ಟಿಯ ಮುಖ್ಯ ಕೆಲಸ ಕಣ್ಣಿಗೆ ಮೋಸ ಮಾಡುವುದು: ದಪ್ಪ ಮೈಯನ್ನು ತೆಳ್ಳಗೆ ತೋರಿಸಿ, ಗಾಲಿಯನ್ನು ದೊಡ್ಡದಾಗಿ ಕಾಣಿಸಿ, ನಾವು ಬಯ್ಯುವ ಆ ಸಂದಿಯನ್ನು ಕತ್ತಲಲ್ಲಿ ಮುಚ್ಚಿಡುವುದು. ಅದೇ ಶೋರೂಮಿನಲ್ಲಿ ಕಾಕಾ ಒಂದು ಗಾಡಿಯ ಮೇಲಿನ ಕಂಬಿ ಹಿಡಿದು ಅಲುಗಾಡಿಸಿ ಕೇಳಿದರು, "ಇದಕ ಹಗ್ಗಾ ಬಿಗಿದು ನಾಕು ಚೀಲಾ ಹಾಕಬಹುದೇನು?"

ಹುಡುಗ ನನ್ನ ಮುಖ ನೋಡಿದ. "ಅದು ಬರೇ ಲುಕ್ಕಿಗ್ರಿ ಸರ್."

ದೊಡ್ಡಾಟದಲ್ಲಿ ರಾಜನ ವೇಷದವನು ಭುಜಕೀರ್ತಿ ಕಟ್ಟಿಕೊಂಡು ಬರುತ್ತಾನಲ್ಲ, ರಟ್ಟಿಗೆ ಬೇಗಡಿ ಅಂಟಿಸಿದ್ದು? ಅದನ್ನು ನೋಡಿ ಯಾರೂ ಮೋಸ ಅನ್ನಲ್ಲ. ಅವನು ಬೆಳಗಿನವರೆಗೆ ರಾಜ, ಆಮೇಲೆ ತನ್ನ ಹೊಲಕ್ಕೆ ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಉಲ್ಟಾ ಆಗಿದೆ. ವಿದ್ಯಾನಗರದಿಂದ ಕೇಶ್ವಾಪುರಕ್ಕೆ ಹೋಗಿಬರುವ ಗಾಡಿ ಒಕ್ಕಲಿಗನ ವೇಷ ಹಾಕಿಕೊಂಡಿದೆ. ಆ ವೇಷಕ್ಕೆ ನಾವು ಲಕ್ಷಗಟ್ಟಲೆ ಕೊಡುತ್ತಿದ್ದೇವೆ, ನಿಜವಾದ ಒಕ್ಕಲಿಗ ಬಂದು ಕಂಬಿ ಹಿಡಿದರೆ ಲುಕ್ಕಿಗ್ರಿ ಅನ್ನುತ್ತಿದ್ದೇವೆ.

ಅಂದ ಬೇಡ ಅನ್ನುವ ವಾದ ನನ್ನದಲ್ಲ. ಉಪಯೋಗ ಒಂದೇ ಸಾಕು ಅನ್ನುವವರು ಒಮ್ಮೆ ಕಾರಹುಣ್ಣಿಮೆಗೆ ನಮ್ಮೂರಿಗೆ ಬರಬೇಕು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲ. ಕಾಕಾನ ಟ್ರ್ಯಾಕ್ಟರ್ ನೋಡಬೇಕು: ಕನ್ನಡಿಗೆ ಗೊಂಡೆ, ಮುಂದೆ ಬಸವಣ್ಣ, ಹಿಂದಿನ ಮಡ್‌ಗಾರ್ಡಿನ ಮೇಲೆ ಮೂರು ಬಣ್ಣದಲ್ಲಿ ಮೊಮ್ಮಗಳ ಹೆಸರು. ಆದರೆ ಗೊಂಡೆ ಕಟ್ಟಿದ್ದು ನಿಜವಾದ ಎತ್ತಿಗೆ. ಬಣ್ಣ ಹಚ್ಚಿದ ಮರುದಿನವೂ ಅದು ಕುಂಟೆ ಎಳೆಯುತ್ತದೆ.

ಫ್ರಾನ್ಸಿನಲ್ಲಿ 1948ರಲ್ಲಿ ಜನರ ಮುಂದೆ ಬಂದ ಸಿಟ್ರನ್ 2ಸಿವಿ ಬಗ್ಗೆ ಕಾರ್ ಹುಚ್ಚರಿಗೆ ಗೊತ್ತಿರುತ್ತದೆ. ರೈತರಿಗಾಗಿ ಯೋಚಿಸಿ ಮಾಡಿದ ಗಾಡಿ. ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯಲ್ಲಿನ ತತ್ತಿ ಒಡೆಯಬಾರದು, 50 ಕೆ.ಜಿ. ಆಲೂಗಡ್ಡೆ ಹೊರಬೇಕು, ತಲೆಯ ಮೇಲೆ ಹ್ಯಾಟ್ ಇಟ್ಟುಕೊಂಡೇ ಕೂರಲು ಬರಬೇಕು ಅಂತ ಕಂಪನಿಯ ಮುಖ್ಯಸ್ಥ ಪಿಯರ್ ಬೂಲಾಂಜೆ ಹೇಳಿದ್ದನಂತೆ. ಅದು ಚೆಂದ ಕಾಣಲಿ ಅಂತ ಯಾರೂ ಹೊರಟಿರಲಿಲ್ಲ. ಈಗ ಅದನ್ನು ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. (ಹಾಗಂತ ಅದನ್ನು ನಮ್ಮೂರಿಗೆ ತರಬೇಡಿ. ಅದರ ಹಿಂದಿನ ಗಾಲಿಗಳು ಮಡ್‌ಗಾರ್ಡಿನೊಳಗೆ ಅರ್ಧ ಮುಚ್ಚಿಕೊಂಡಿವೆ. ಎರಿಯಲ್ಲಿ ಐವತ್ತು ಗಜ ಹೋಗಲ್ಲ.)

ನಮ್ಮಲ್ಲಿ ಹಾಗೆ ಯಾವ ವೇಷವೂ ಇಲ್ಲದೆ ಇದ್ದದ್ದು ಒಮ್ನಿ. 1984ರಲ್ಲಿ ಬಂತು, 2019ರಲ್ಲಿ ನಿಂತಿತು. ಬ್ರೆಡ್ಡಿನ ಪೊಟ್ಟಣಕ್ಕೆ ಗಾಲಿ ಹಚ್ಚಿದ ಹಾಗೆ. 796 ಸಿಸಿ ಎಂಜಿನ್ ಮುಂದಿನ ಸೀಟಿನ ಕೆಳಗೆ, ಬೇಸಿಗೆಯಲ್ಲಿ ಕೂತವರಿಗೆ ಅದರ ಬಿಸಿ ಪುಕ್ಕಟೆ. ಆದರೆ ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತು. ದುರ್ಗದ ಬೈಲಿನ ಸಂದಿಯಲ್ಲಿ ಎರಡೂ ಕಡೆ ತಳ್ಳುಗಾಡಿ ನಿಂತಿದ್ದರೂ ಇಳಿಯಬಹುದಿತ್ತು. ಹಿಂದಿನ ಸೀಟು ಕಿತ್ತು ಕಾಕಾ ಅದರಲ್ಲಿ ಮೆಣಸಿನಕಾಯಿ ಚೀಲ ಹಾಕಿಕೊಂಡು ಅಮರಗೋಳದ ಎಪಿಎಂಸಿಗೆ ಬರುತ್ತಿದ್ದರು. ಸೀಟು ಮತ್ತೆ ಹಾಕಿ ಮದುವೆಗೆ ಹೋಗುತ್ತಿದ್ದರು, ದಾರಿಯುದ್ದಕ್ಕೂ ಬೀಗರು ಸೀನುತ್ತಿದ್ದರು. ಅದನ್ನು ಹಾಡಿ ಹೊಗಳುವ ಆಸೆ ಇದೆ, ಆದರೆ ಸುಳ್ಳು ಹೇಳಬಾರದು. ಮುಂದೆ ಕೂತವರ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಒಂದು ತಗಡು ಬಿಟ್ಟರೆ ಏನೂ ಇರಲಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಆ ಇಕ್ಕಟ್ಟು ಬೈಪಾಸಿನಲ್ಲಿ ಕಾಕಾ ಒಮ್ನಿ ಓಡಿಸುವಾಗ ಪಕ್ಕದಲ್ಲಿ ಕೂತ ನಾನು ಎಷ್ಟು ಸಲ ಇಲ್ಲದ ಬ್ರೇಕ್ ತುಳಿದಿದ್ದೇನೋ.

ನಾಲ್ಕು ಮೀಟರಿನ ಒಳಗೆ

ಗಾಡಿಯ ಆಕಾರವನ್ನು ಚಿತ್ರಗಾರರು ಮಾಡುತ್ತಾರೆ ಅಂತ ಚಿಕ್ಕವನಿದ್ದಾಗ ನಂಬಿದ್ದೆ. ಅರ್ಧ ಮಾಡುವುದು ತೆರಿಗೆಯವರು. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ 24ರಿಂದ ಶೇ. 16ಕ್ಕೆ ಇಳಿಯಿತು. ಅಲ್ಲಿಂದ ಡಿಕ್ಕಿ ಕತ್ತರಿಸುವ ಕೆಲಸ ಶುರು. 2008ರಲ್ಲಿ ಡಿಕ್ಕಿ ಮೋಟಾದ ಟಾಟಾ ಇಂಡಿಗೋ ಸಿಎಸ್ ಬಂತು. ಅದೇ ವರ್ಷ ಬಂದ ಸ್ವಿಫ್ಟ್ ಡಿಸೈರ್ 4160 ಮಿ.ಮೀ. ಉದ್ದ ಇತ್ತು, 2012ರಲ್ಲಿ 3995 ಆಯಿತು. ಡಿಕ್ಕಿಯ ಜಾಗ 440 ಲೀಟರಿನಿಂದ 316ಕ್ಕೆ. ಅಂದವೂ ಹೋಯಿತು, ಚೀಲ ಹಾಕುವ ಜಾಗವೂ ಹೋಯಿತು, ರೊಕ್ಕ ಉಳಿಯಿತು. ಇವತ್ತು ಬ್ರೆಜಾ, ವೆನ್ಯೂ, ಸೋನೆಟ್ ಯಾವುದರ ಉದ್ದ ನೋಡಿದರೂ ಅದೇ 3995. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾದಾಗಲೂ ಆ ಗೆರೆ ಅಲ್ಲೇ ಉಳಿಯಿತು: ಈಚೆಗೆ ಶೇ. 18, ಆಚೆಗೆ 40.

ಇನ್ನೊಂದು ಗೆರೆ ಎತ್ತರದ್ದು. 2013ರ ಬಜೆಟ್‌ನಲ್ಲಿ ಎಸ್‌ಯುವಿ ಮೇಲೆ ಸುಂಕ ಏರಿಸಿದಾಗ, ಉದ್ದ ಮತ್ತು ಎಂಜಿನ್ ಜೊತೆಗೆ ನೆಲದಿಂದ 170 ಮಿ.ಮೀ. ಅಥವಾ ಅದಕ್ಕಿಂತ ಎತ್ತರ ಇದ್ದರೆ ಎಸ್‌ಯುವಿ ಅಂತ ಲೆಕ್ಕ ಹಿಡಿದರು. 170 ಮಿ.ಮೀ. ಅಂದರೆ ಒಂದು ಗೇಣಿಗೂ ಕಡಿಮೆ. 2023ರಲ್ಲಿ ಜಿಎಸ್‌ಟಿ ಮಂಡಳಿ ಆ ಎತ್ತರವನ್ನು ಖಾಲಿ ಗಾಡಿಯಲ್ಲಿ ಅಳೆಯಬೇಕು ಅಂತ ಸ್ಪಷ್ಟ ಮಾಡಿತು. ಖಾಲಿ ಗಾಡಿ! ನಮ್ಮ ಕಡೆ ಗಾಡಿ ಖಾಲಿ ಇರುವುದು ಶೋರೂಮಿನಲ್ಲಿ ಮಾತ್ರ.

ಜಪಾನಿನವರಿಗೂ ಇಂಥದೇ ಗೆರೆ ಇದೆ, ಇನ್ನೂ ಬಿಗಿ. ಅಲ್ಲಿ 'ಕೇ' ಅನ್ನುವ ಪುಟ್ಟ ಕಾರುಗಳು 3.4 ಮೀಟರ್ ದಾಟುವಂತಿಲ್ಲ, ಎಂಜಿನ್ 660 ಸಿಸಿ. ಅವರು ಉದ್ದ ಸಿಗದಿದ್ದರೇನು ಅಂತ ಮಾಡು ಎತ್ತರಿಸಿದರು. 1993ರಲ್ಲಿ ಅಲ್ಲಿ ವ್ಯಾಗನ್ ಆರ್ ಬಂದದ್ದು ಹಾಗೆ. ಕೂರುವವರನ್ನು ಚಾಚಿ ಮಲಗಿಸುವ ಬದಲು ನೆಟ್ಟಗೆ ಕೂರಿಸಿದರು. 1999ರ ಕೊನೆಗೆ ಅದು ನಮ್ಮಲ್ಲಿಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ, ಇದೇನು ಗಾಡಿಯೋ ಗೋದ್ರೇಜ್ ಕಪಾಟೋ ಅಂತ ನಕ್ಕಿದ್ದೆವು.

ಅವ್ವ ಕೂತಿದ್ದು

ಆ ಭಾನುವಾರ ಅವ್ವನೂ ಬಂದಿದ್ದಳು. ಬಣ್ಣ ನೋಡಲು ಅಂತ ಕರೆದುಕೊಂಡು ಹೋಗಿದ್ದು. ಎರಡೂ ಮೊಣಕಾಲು ಸವೆದಿವೆ, ಇಳಕಲ್ ಸೀರೆ, ಕೈಯಲ್ಲಿ ಚೀಲ. ಇದೂ ನಾನು ಲೆಕ್ಕಕ್ಕೆ ತೆಗೆದುಕೊಂಡಿರದ ವಿಷಯ.

ನಾವು ಕಾರ್ ಹುಚ್ಚರು ಗಾಡಿ ಏರುವುದನ್ನು ಯೋಚಿಸುವುದೇ ಇಲ್ಲ. ಅವ್ವ ಏರುವ ರೀತಿ ಬೇರೆ. ಮೊದಲು ಗಾಡಿಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಬಾಗಿಲ ಮೇಲಂಚು ಹಿಡಿದು, ಹಿಂದೆ ಕೈಯಾಡಿಸಿ ಸೀಟು ಎಲ್ಲಿದೆ ನೋಡಿಕೊಂಡು ಕೂರುತ್ತಾಳೆ. ಆಮೇಲೆ ತಿರುಗಿ, ನಿರಿಗೆ ಹಿಡಿದು, ಒಂದೊಂದೇ ಕಾಲು ಕೈಯಿಂದ ಎತ್ತಿ ಒಳಗೆ ಇಟ್ಟುಕೊಳ್ಳುತ್ತಾಳೆ. ಇಷ್ಟಕ್ಕೆ ಸೀಟು ಮನೆಯ ಕುರ್ಚಿಯಷ್ಟೇ ಎತ್ತರ ಇರಬೇಕು. ಕೆಳಗಿದ್ದರೆ ಧೊಪ್ಪನೆ ಬೀಳುತ್ತಾಳೆ, ಮೇಲಿದ್ದರೆ ಹತ್ತಲಾಗದು. ಇದನ್ನೇ ಕಂಪನಿಯವರು ಎಚ್-ಪಾಯಿಂಟಿನ ಎತ್ತರ ಅನ್ನುತ್ತಾರೆ, ಕೂತವರ ಸೊಂಟ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವ ಲೆಕ್ಕ. ಅವಳಿಗೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಇಷ್ಟವಾಗುವುದೂ ಅದಕ್ಕೇ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ, ಮೆಟ್ಟಿಲಿಲ್ಲ, ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಹೋದ ಹಾಗೆ ಹೋಗುತ್ತಾಳೆ. (ನಿಲ್ದಾಣ ಮುಟ್ಟಲು ಅರ್ಧ ರಸ್ತೆ ದಾಟಬೇಕಲ್ಲ, ಅದಕ್ಕೆ ಮಾತ್ರ ದೇವರೇ ಗತಿ.)

ನನ್ನ ಲಿಸ್ಟಿನಲ್ಲಿ ಮೊದಲು ಇದ್ದದ್ದು ಮಾಡು ಹಿಂದಕ್ಕೆ ಇಳಿಜಾರಾಗಿ ಹೋಗುವ ಗಾಡಿ. ಇತ್ತೀಚೆಗೆ ನಮ್ಮಲ್ಲೂ ಈ ನಮೂನೆ ಜಾಸ್ತಿಯಾಗಿದೆ, ನೋಡಲು ನನಗೆ ಬಹಳ ಇಷ್ಟ. ಪಕ್ಕದಿಂದ ನೋಡಿದರೆ ಒಂದೇ ಎಳೆತದಲ್ಲಿ ಬರೆದ ಗೆರೆ. ಅವ್ವ ಅದರ ಹಿಂದಿನ ಸೀಟಿಗೆ ಬೆನ್ನು ಮಾಡಿ ಕೂರಲು ಹೋದಳು. ಟಣ್ ಅಂತು. ತಲೆಯ ಹಿಂಬದಿ ಸರಿಯಾಗಿ ಆ ಚೆಂದದ ಗೆರೆಗೇ ತಾಗಿತ್ತು.

"ಇದಕ ಏನಾಗೇತಿ, ಹಿಂದಕ ಯಾಕ ಬಗ್ಗೇತಿ?" ಅಂದಳು ತಲೆ ತಿಕ್ಕಿಕೊಳ್ಳುತ್ತ.

ಸ್ಟೈಲ್ ಅವ್ವಾ, ಅಂದೆ.

ಹೇಗೋ ಒಳಗೆ ಕೂತಳು. ಕೂತು ಪಕ್ಕಕ್ಕೆ ನೋಡಿದಳು. ಕಿಟಕಿಯ ಕೆಳಗೆರೆ ಹಿಂದೆ ಹಿಂದೆ ಹೋದಂತೆ ಏರುತ್ತ ಹೋಗಿ ಅವಳ ಗದ್ದದವರೆಗೆ ಬಂದಿತ್ತು. "ಕಿಡಕಿ ಹಾಕೂದು ಮರತಾರೇನು? ದಾರ್‍ಯಾಗ ಯಾರ ಹೊಲದಾಗ ಏನು ಬೆಳದೈತಿ ಅಂತ ಕಾಣಬಾರದೇನು ಮನಶಾಗ?" ಶೋರೂಮಿನ ಹುಡುಗನಿಗೆ ನಗು ತಡೆಯಲಾಗಲಿಲ್ಲ. ಅವನಿಗೂ ಅಂಥದೇ ಒಬ್ಬ ಅಜ್ಜಿ ಇದ್ದಿರಬೇಕು, ಆಮೇಲಿಂದ ಅವನು ಸನ್‌ರೂಫ್ ಸುದ್ದಿ ಬಿಟ್ಟು ಅವ್ವನ ಕೈ ಹಿಡಿದು ಒಂದೊಂದೇ ಗಾಡಿಯಲ್ಲಿ ಕೂರಿಸುತ್ತ ಹೋದ.

ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗಿದ್ದು ನನ್ನ ಲಿಸ್ಟಿನಲ್ಲೇ ಇಲ್ಲದ ಒಂದು ಎತ್ತರದ, ಚೌಕ ಚೌಕ ಗಾಡಿ. ಮೂತಿ ಸಪ್ಪೆ, ಹಿಂಬದಿ ಕಪಾಟಿನ ಬಾಗಿಲು. ಅವ್ವ ಧಡಕ್ಕನೆ ಕೂತು ಕಾಲೆತ್ತಿ ಇಟ್ಟುಕೊಂಡಳು. ಎಸಿಗೆ ತಿರುಗಿಸುವ ಗುಂಡಿಗಳಿದ್ದವು, ಪರದೆ ಒತ್ತುತ್ತ ಕೂರಬೇಕಿರಲಿಲ್ಲ. ಹೊಳೆಯುವ ಕಪ್ಪು ಪ್ಲಾಸ್ಟಿಕ್ ಕಡಿಮೆ ಇತ್ತು. ಅದು ನನಗೇ ಸಮಾಧಾನ, ನಮ್ಮ ಧಾರವಾಡವನ್ನು ಧೂಳವಾಡ ಅಂತ ನಾವೇ ಆಡಿಕೊಳ್ಳುವವರು, ಆ ಹೊಳಪಿನ ಮೇಲೆ ಒಂದು ದಿನದಲ್ಲಿ ಹೆಸರು ಬರೆಯಬಹುದು.

ಕಾಕಾ ಕೂತು ಮುಷ್ಟಿ ತೂರಿಸಿದರು. ಪೂರ್ತಿ ಹೋಯಿತು. ಮುಗಿಯಿತು ಅಂದುಕೊಂಡೆ.

"ಇನ್ನ ಎಲ್ಲಾರೂ ಒಳಗ ಕುಂದರ್ರಿ," ಅಂದರು.

ನಾನು ಮುಂದೆ, ಅವ್ವ ಹಿಂದೆ.

"ತಮ್ಮಾ, ನೀನೂ ಕುಂದರು," ಅಂದರು ಹುಡುಗನಿಗೆ. ಅವನು ಟೈ ಹಿಡಿದುಕೊಂಡು ಅವ್ವನ ಪಕ್ಕ ಕೂತ. "ಇನ್ನೊಬ್ಬರು ಯಾರರ ದಪ್ಪನಾವ್ರು ಅದಾರೇನು?" ಕ್ಯಾಷ್ ಕೌಂಟರಿನಿಂದ ಒಬ್ಬರು ಎದ್ದು ಬಂದರು. ಗಾಡಿ ಕುಂಯ್ ಅಂತ ಕೆಳಗಿಳಿಯಿತು. ನಾಲ್ಕು ಜನ ಶೋರೂಮಿನ ನಡುವೆ, ನಿಂತ ಗಾಡಿಯಲ್ಲಿ, ಎಲ್ಲಿಗೂ ಹೋಗದೆ ಮುಂದೆ ನೋಡುತ್ತ ಕೂತಿದ್ದೆವು. ಹೊರಗೆ ಕಾಕಾ ಈ ಗಾಲಿಯಿಂದ ಆ ಗಾಲಿಗೆ ಹೋಗುತ್ತ ಮುಷ್ಟಿ ತೂರಿಸುವುದು ಪಕ್ಕದ ಕನ್ನಡಿಯಲ್ಲಿ ಕಾಣುತ್ತಿತ್ತು. ಹಿಂದಿನ ಗಾಲಿಯ ಹತ್ತಿರ ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ನಿಂತು ಕೈ ಝಾಡಿಸಿದರು.

"ನಡೀತೈತಿ."

ಶುಕ್ರವಾರ ಗಾಡಿ ಬಂತು. ಸಿದ್ಧಾರೂಢ ಮಠದ ಮುಂದೆ ಪೂಜೆ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಸೀಟಿನ ಪ್ಲಾಸ್ಟಿಕ್ ತೆಗೆಯಲು ಹೋದ ನನ್ನ ಕೈಗೆ ಅವ್ವ ಹೊಡೆದಳು. ಮುಂದಿನ ಭಾನುವಾರ ಉಣಕಲ್ ಕೆರೆ ಹತ್ತಿರ ಗೆಳೆಯರಿಗೆ ಫೋಟೋ ತೋರಿಸಿದೆ. "ಛೆ, ಎಷ್ಟು ಸಂದಿ ಐತಲೇ ಗಾಲಿ ಮ್ಯಾಲ," ಅಂದ ಒಬ್ಬ. ನಾನು ಮಣ್ಣಿನ ಕಥೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆದರೂ ಫೋಟೋದಲ್ಲಿ ನನಗೂ ಅದು ಕಣ್ಣಿಗೆ ಚುಚ್ಚುತ್ತಿತ್ತು. ಈಗಲೂ ಚುಚ್ಚುತ್ತದೆ, ಏನು ಮಾಡುವುದು.

ಮೊನ್ನೆ ಹದವಾದ ಮಳೆಯಾಯಿತು. ಹೊಸ ಗಾಡಿ ಎರಿಯಲ್ಲಿ ಹೇಗೆ ಹೋಯಿತು ಅಂತ ಕೇಳುವ ಕುತೂಹಲ ತಡೆಯಲಾಗದೆ ಬೆಳಗ್ಗೆಯೇ ಕಾಕಾಗೆ ಫೋನ್ ಮಾಡಿದೆ. ಹಿಂದೆ ಟ್ರ್ಯಾಕ್ಟರಿನ ಸದ್ದು ಜೋರಾಗಿ ಕೇಳುತ್ತಿತ್ತು.

"ಗಾಡಿ ಮನಿ ಮುಂದ ಐತಿ, ತಾಡಪಾಲ್ ಹೊಚ್ಚೇನಿ," ಅಂದರು. "ಹೊಸಾದು ಅಲ್ಲೇನೋ. ಕೆಸರಾಗತೈತಿ."